ಚಿಕ್ಕ ಮಕ್ಕಳಿರುವ ಮನೆಗೆ ಯಾವ ಕೋಳಿ? ಮಲೆನಾಡಿನವರಿಗೆ ಒಂದು ಮಾರ್ಗದರ್ಶಿ

ನಮ್ಮ ಮನೆಯಲ್ಲಿ ಒಂದು ಹರಕೆ ಹುಂಜ ಇತ್ತು. ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ದೇವತೆ ಚೌಡಿಗೆ ಅಂತ ಬಿಟ್ಟ ಹುಂಜ. ಹರಕೆ ತೀರುವ ತನಕ ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಅದಕ್ಕೂ ಈ ವಿಷಯ ಗೊತ್ತಿತ್ತೇನೋ. ಒಂದೂವರೆ ವರ್ಷ ತಿಂದು ಕೊಬ್ಬಿ ಅಂಗಳಕ್ಕೆಲ್ಲ ತಾನೇ ಯಜಮಾನ ಆಗಿತ್ತು. ಹಾಲು ತರುವವರನ್ನು ಅಟ್ಟಿಸಿಕೊಂಡು ಹೋದಾಗ ನಾವೆಲ್ಲ ಜಗಲಿಯಲ್ಲಿ ಕೂತು ನಕ್ಕಿದ್ದೆವು.

ಒಂದು ಬೆಳಿಗ್ಗೆ ಮೂರೂವರೆ ವರ್ಷದ ಮಗಳು ಅರ್ಧ ದೋಸೆ ಹಿಡಿದುಕೊಂಡು ಅಂಗಳಕ್ಕೆ ಇಳಿದಳು. ಹುಂಜ ನೆಲ ಬಿಟ್ಟು ಹಾರಿ ಎರಡೂ ಕಾಲಿನಿಂದ ಒದೆಯಿತು. ಅದರ ಕಾಲಿನ ಮುಳ್ಳು ತಾಗಿದ್ದು ಕಣ್ಣಿಗಿಂತ ಒಂದು ಬೆರಳು ಕೆಳಗೆ. ಗಾಯ ಮಾಯಿತು. ಗೆರೆ ಇನ್ನೂ ಇದೆ. ನಮಗೆ ಆ ಹುಂಜ ಮೊಣಕಾಲಿನ ಎತ್ತರ, ಅವಳಿಗೆ ಅದು ಹಾರಿದರೆ ಮುಖದ ಎತ್ತರ. ಇಷ್ಟು ಸಣ್ಣ ಲೆಕ್ಕ ನಮ್ಮ ತಲೆಗೆ ಹೊಳೆದಿರಲಿಲ್ಲ.

ಅದಾದ ಮೇಲೆ ಕೋಳಿ ಸಾಕುವುದನ್ನು ನಾವು ಬಿಡಲಿಲ್ಲ. ಆರಿಸುವ ಕ್ರಮ ಮಾತ್ರ ಬದಲಾಯಿತು. ಯಾರೇ ಕೇಳಿದರೂ ನಾನು ಹೇಳುವುದು ಇದೇ: ಮೊದಲು ಹುಂಜದ ವಿಷಯ ತೀರ್ಮಾನ ಮಾಡಿ, ಆಮೇಲೆ ಮಳೆಯ ಬಗ್ಗೆ ಯೋಚಿಸಿ, ತಳಿಯ ಹೆಸರು ಮೂರನೆಯದು. ಜಾಸ್ತಿ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಫೋನಿನಲ್ಲಿ ಚೆಂದದ ಕೋಳಿಯ ಫೋಟೋ ನೋಡಿ ಹೊರಡುತ್ತಾರೆ.

ಮೊದಲ ಹೆಜ್ಜೆ: ಹುಂಜ ಬೇಕಾ?

ಮೊಟ್ಟೆಗೆ ಹುಂಜ ಬೇಡ. ನಮ್ಮತ್ತೆ ಇದನ್ನು ನಂಬಲು ಒಂದು ವರ್ಷ ತಗೊಂಡರು. "ಹುಂಜ ಇಲ್ದೆ ಹೇಂಟೆ ಎಂತ ಮೊಟ್ಟೆ ಇಡ್ತದೆ ಮಾರಾಯ್ತಿ" ಅಂತ ಅವರ ವಾದ. ಇಡುತ್ತದೆ. ಆ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೇ. ರುಚಿಯಲ್ಲಾಗಲಿ ಸತ್ವದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಮನೆಯ ಕಿರಿಯ ಮಗುವಿಗೆ ಐದಾರು ವರ್ಷ ತುಂಬುವ ತನಕ ಹುಂಜ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಷ್ಟೇ ಸಾಧು ತಳಿಯಾದರೂ ಐದಾರು ತಿಂಗಳಿಗೆ ಪ್ರಾಯಕ್ಕೆ ಬಂದಾಗ ಹುಂಜದ ಬುದ್ಧಿ ಬದಲಾಗುತ್ತದೆ. ಮರಿಯಿದ್ದಾಗ ಮಗುವಿನ ತೊಡೆ ಮೇಲೆ ಮಲಗುತ್ತಿದ್ದದ್ದೇ ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕಿ ಬರಲು ಶುರು ಮಾಡುತ್ತದೆ. ಆ ಅಡ್ಡ ಹೆಜ್ಜೆ ಕಂಡ ದಿನವೇ ಎಚ್ಚರ ಆಗಬೇಕು. ಮಕ್ಕಳು ಓಡುತ್ತಾರೆ, ಕೂಗುತ್ತಾರೆ, ಕಾಲು ಅಪ್ಪಳಿಸುತ್ತಾರೆ. ಹುಂಜಕ್ಕೆ ಅದೆಲ್ಲ ಜಗಳದ ಕರೆಯ ಹಾಗೆ ಕಾಣುತ್ತದೆ.

ಸಾರಿಗೆ ಅಂತ ಸಾಕುವುದಾದರೆ ಅದು ಬೇರೆ ಮಾತು. ಹುಂಜಗಳನ್ನು ಬೇರೆ ಗೂಡಿನಲ್ಲಿ ಬೆಳೆಸಿ, ಪ್ರಾಯಕ್ಕೆ ಬರುವ ಮುಂಚೆಯೇ ಕಡುಬಿನ ಜೊತೆಗಾರ ಮಾಡಿಬಿಡಿ. ಹರಕೆ ಹುಂಜ ಇದ್ದರೆ ಅದಕ್ಕೊಂದು ಬೇಲಿ ಕಟ್ಟಿ. ಬೇಲಿಯೊಳಗೆ ಇಟ್ಟರೆ ದೇವರು ಸಿಟ್ಟಾಗುವುದಿಲ್ಲ ಅಂತ ನಮ್ಮೂರಿನ ಹಿರಿಯರೇ ಹೇಳಿದ್ದಾರೆ. ನಾವು ಕೇಳಿದ್ದು ತಡವಾಗಿ.

ಎರಡನೆಯದು: ಮಳೆ

ಮಕ್ಕಳಿಗೆ ಒಳ್ಳೆಯ ಕೋಳಿ ಯಾವುದು ಅಂತ ಹುಡುಕಿದರೆ ಮೊದಲು ಬರುವ ಹೆಸರುಗಳು ಸಿಲ್ಕಿ, ಕೊಚಿನ್, ಬ್ರಹ್ಮ. ಸ್ವಭಾವದ ಬಗ್ಗೆ ಹೇಳಿದ್ದು ಸುಳ್ಳಲ್ಲ. ಮೂರೂ ಸಾಧು. ಎತ್ತಿಕೊಂಡರೆ ಸುಮ್ನೆ ಕೂರುತ್ತವೆ. ಆದರೆ ಅದನ್ನು ಬರೆದವರು ಆಗುಂಬೆ ಕಡೆಯ ಜುಲೈ ನೋಡಿದವರಲ್ಲ.

ಸಿಲ್ಕಿಯನ್ನೇ ತಗೊಳ್ಳಿ. ಅದರ ಗರಿ ಹತ್ತಿಯ ಹಾಗೆ ಇರುತ್ತದೆ. ಬೇರೆ ಕೋಳಿಗಳ ಗರಿಯ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದರಿಂದಲೇ ನೀರು ಜಾರಿ ಹೋಗುತ್ತದೆ. ಸಿಲ್ಕಿಯಲ್ಲಿ ಆ ಹೆಣಿಗೆ ಇಲ್ಲ. ಒಂದು ಜಡಿಮಳೆ ಬಿದ್ದರೆ ಒದ್ದೆ ಮಾಡಿದ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡು, ಚಳಿ ಹಿಡಿದು ಮೂಲೆಯಲ್ಲಿ ಮುದುಡಿ ಕೂರುತ್ತದೆ. ಬ್ರಹ್ಮ, ಕೊಚಿನ್‌ಗಳ ಕಾಲ ತುಂಬ ಗರಿ. ನಮ್ಮ ಕೆಂಪು ಕೆಸರು ಆ ಗರಿಗೆ ಮೆತ್ತಿಕೊಂಡು ಉಂಡೆಕಟ್ಟುತ್ತದೆ. ಅದನ್ನು ದಿನಾ ಯಾರು ತೊಳೆಯುವುದು? ತಲೆ ಮೇಲೆ ಕೊಡೆ ಬಿಚ್ಚಿದ ಹಾಗೆ ಗರಿ ಇರುವ ಪೋಲಿಷ್ ಕೋಳಿಗೆ ಎದುರಿನದ್ದು ಸರಿಯಾಗಿ ಕಾಣುವುದೇ ಇಲ್ಲ. ಮಗು ಹತ್ತಿರ ಬಂದಾಗ ಬೆಚ್ಚಿ ಬೀಳುತ್ತದೆ.

ಶಿವಮೊಗ್ಗ ಪೇಟೆಯಲ್ಲೋ ಶಿಕಾರಿಪುರದ ಬಯಲಲ್ಲೋ ಇದ್ದು, ಮಳೆ ನೀರು ಸ್ವಲ್ಪವೂ ಸಿಡಿಯದ ಶೆಡ್ ಇದ್ದರೆ ಎರಡು ಸಿಲ್ಕಿ ಸಾಕಿ, ಚೆಂದ ಇರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಘಟ್ಟದ ಕಡೆಯವರು ಆ ಆಸೆ ಬಿಟ್ಟುಬಿಡಿ. ಗರಿ ಬಿಗಿಯಾಗಿರುವ, ಕಾಲು ಬೋಳಾಗಿರುವ ಕೋಳಿಯೇ ನಮಗೆ ಸರಿ.

ಬಣ್ಣದ್ದೂ ಒಂದು ಮಾತು. ಮಕ್ಕಳು ಬಿಳಿಯದನ್ನೇ ಬೇಕು ಅನ್ನುತ್ತಾರೆ. ಮಕ್ಕಳಿಗೆ ಎದ್ದು ಕಾಣುವುದು ಗಿಡುಗನಿಗೂ ಎದ್ದು ಕಾಣುತ್ತದೆ. ತರಗೆಲೆಯ ಬಣ್ಣದ ಕೋಳಿ ತೋಟದಲ್ಲಿ ಬದುಕುತ್ತದೆ.

ಮೂರನೆಯದು: ತಳಿ

ಈಗ ತಳಿಗೆ ಬರೋಣ. ನಮ್ಮ ಕಡೆ ಹುಡುಕಿದರೆ ಸಿಗುವವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದವರು ಹಿತ್ತಲ ಕೋಳಿ ಸಾಕಣೆಗೆ ಅಂತಲೇ 1980ರ ದಶಕದ ಕೊನೆಗೆ ಹೊರತಂದ ತಳಿ. ಬಣ್ಣಬಣ್ಣದ ಗರಿ, ದಪ್ಪ ಮೈ. ವರ್ಷಕ್ಕೆ 130ರಿಂದ 150 ಮೊಟ್ಟೆ. ಮಕ್ಕಳಿರುವ ಮನೆಗೆ ಇದರ ದೊಡ್ಡ ಗುಣ ಅಂದರೆ ಸೋಮಾರಿತನ. ಭಾರ ಜಾಸ್ತಿ, ಹಾರಲು ಬರುವುದಿಲ್ಲ, ಹೆದರಿ ದಿಕ್ಕಾಪಾಲಾಗುವುದಿಲ್ಲ. ನಾಲ್ಕು ವರ್ಷದ ಮಗು ಬೆನ್ನು ಸವರಿದರೆ ಹೇಂಟೆ ಹಾಗೇ ನೆಲಕ್ಕೆ ಕುಕ್ಕರಿಸುತ್ತದೆ. ಇದೇ ಅದರ ದೋಷವೂ ಹೌದು. ಮುಂಗುಸಿ ಬಂದರೆ ಓಡಲಾರದು. ಇನ್ನೊಂದು ಸಂಗತಿ: ಒಂದು ದಿನದ ಗಿರಿರಾಜ ಮರಿಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡಿ ಕೊಡುವುದಿಲ್ಲ. ಹತ್ತು ತಂದರೆ ಹೆಚ್ಚುಕಮ್ಮಿ ಐದು ಹುಂಜ. ಬೆಳೆದ ಹುಂಜ ನಾಲ್ಕು ಕಿಲೋ ತೂಗುವುದುಂಟು. ಅಷ್ಟು ಭಾರದ್ದು ಮಗುವಿನ ಮೇಲೆ ಹಾರಿದರೆ ಏನಾಗುತ್ತದೆ ಅಂತ ಮೊದಲೇ ಹೇಳಿದ್ದೇನೆ.

ಸ್ವರ್ಣಧಾರ. ಇದೂ ಹೆಬ್ಬಾಳದ್ದೇ, ಗಿರಿರಾಜನ ನಂತರ ಬಂದದ್ದು. ಮೊಟ್ಟೆ ವರ್ಷಕ್ಕೆ 180ರಿಂದ 190. ಮೈ ಗಿರಿರಾಜನಿಗಿಂತ ಸ್ವಲ್ಪ ಸಣ್ಣದು. ಹಾಗಾಗಿ ಕಾಡುಬೆಕ್ಕು, ನರಿ ಬಂದಾಗ ಓಡಿ ತಪ್ಪಿಸಿಕೊಳ್ಳುವ ಶಕ್ತಿ ಇದಕ್ಕೆ ಜಾಸ್ತಿ. ಕಾಡಿನಂಚಿನ ಒಂಟಿ ಮನೆ, ಎರಡು ಮಕ್ಕಳು, ದಿನಕ್ಕೆ ಎರಡು ಮೂರು ಮೊಟ್ಟೆ ಸಾಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಮ್ಮ ಮನೆಯಲ್ಲಿ ಈಗ ಇರುವ ಐದರಲ್ಲಿ ನಾಲ್ಕು ಸ್ವರ್ಣಧಾರ.

ಗ್ರಾಮಪ್ರಿಯ, ವನರಾಜ. ಎರಡೂ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ತಳಿಗಳು. ಗ್ರಾಮಪ್ರಿಯ ಮೊಟ್ಟೆಗೆ ಒಳ್ಳೆಯದು, ಚುರುಕು, ಹಗುರ. ಹಗುರ ಅಂದರೆ ಹಾರುತ್ತದೆ ಅಂತಲೂ ಅರ್ಥ. ಮಗು ಹಿಡಿಯಲು ಹೋಗುತ್ತದೆ, ಕೋಳಿ ಪಟಪಟ ರೆಕ್ಕೆ ಬಡಿಯುತ್ತದೆ, ಮಗು ಅಳುತ್ತದೆ. ವನರಾಜ ಮೊಟ್ಟೆಯಲ್ಲಿ ಹಿಂದೆ, ನೂರರ ಆಸುಪಾಸು. ಸಾರಿಗೂ ಮೊಟ್ಟೆಗೂ ಆಗಲಿ ಅನ್ನುವವರಿಗೆ ಸರಿ. ಹೆಸರಘಟ್ಟದ ಕೇಂದ್ರ ಸರ್ಕಾರದ ಸಂಸ್ಥೆಯ ಕಾವೇರಿ ಅನ್ನುವ ತಳಿಯೂ ಕೆಲವು ಕಡೆ ಸಿಗುತ್ತದೆ. ಸಿಕ್ಕರೆ ಬಿಡಬೇಡಿ.

ನಾಟಿ ಕೋಳಿ. ಇದರ ಬಗ್ಗೆ ಮಾತಾಡಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಮಳೆ, ರೋಗ, ಗಿಡುಗ ಎಲ್ಲವನ್ನೂ ತಡೆದುಕೊಳ್ಳುವುದು ಇದೇ. ಹಲಸಿನ ಮರದ ಮೇಲೆ ಮಲಗಿ ಬೆಳಿಗ್ಗೆ ತಾನೇ ಇಳಿದು ಬರುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಇದು ಆಟದ ಜೊತೆಗಾರ ಅಲ್ಲ. ಕೈಗೆ ಸಿಗುವುದಿಲ್ಲ. ಮೊಟ್ಟೆ ವರ್ಷಕ್ಕೆ ಅರವತ್ತರ ಹತ್ತಿರ. ಅದರಲ್ಲೂ ಮರಿ ಹಾಕಿಕೊಂಡ ತಾಯಿ ಹೇಂಟೆ ಹುಂಜಕ್ಕಿಂತ ಏನೂ ಕಡಿಮೆ ಇಲ್ಲ. ಮರಿಯೊಂದು ಚೀಂವ್ ಅಂದರೆ ಸಾಕು, ಮೈಯೆಲ್ಲ ಉಬ್ಬಿಸಿಕೊಂಡು ಮುಖಕ್ಕೇ ಹಾರುತ್ತದೆ. ಮರಿ ಮಾಡಿಸುವ ಆಸೆ ಇದ್ದರೆ ಒಂದು ನಾಟಿ ಹೇಂಟೆ ಇಟ್ಟುಕೊಳ್ಳಿ. ಕಾವಿಗೆ ಕೂತ ಆ 21 ದಿನ, ಆಮೇಲೆ ಮರಿ ಜೊತೆ ತಿರುಗುವ ಒಂದೂವರೆ ಎರಡು ತಿಂಗಳು ಮಕ್ಕಳನ್ನು ದೂರ ಇಡಿ. ಹುಂಜ ಇಲ್ಲದವರು ಕಾವಿಗೆ ಇಡುವ ಮೊಟ್ಟೆಯನ್ನು ಪಕ್ಕದ ಮನೆಯಿಂದ ತರಬಹುದು.

ಅಸೀಲ್ ಮತ್ತು ಅಂಕದ (ಕೋಳಿ ಕಾಳಗದ) ಕೋಳಿ. ಸಾಕಿದವರ ಜೊತೆ ಅಸೀಲ್ ಎಷ್ಟೋ ಸಲ ಮೆತ್ತಗೇ ಇರುತ್ತದೆ. ತೊಂದರೆ ಬೇರೆ. ಇನ್ನೊಂದು ಕೋಳಿ ಕಂಡರೆ ಅದಕ್ಕೆ ತಡೆಯುವುದಿಲ್ಲ, ಮರಿಯಿದ್ದಾಗಲೇ ಹೊಡೆದಾಟ. ಅದರ ನಡುವೆ ಮಗು ಸಿಕ್ಕಿಕೊಳ್ಳುವುದು ಬೇಡ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ್ದು, ಮಾಂಸ ಕಪ್ಪು, ಬೆಲೆ ಜಾಸ್ತಿ, ಅಂಜುಬುರುಕ. ಮಕ್ಕಳಿಗಾಗಿ ತರುವ ಕೋಳಿ ಅದಲ್ಲ.

ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿ ಮಾರುತ್ತಾರಲ್ಲ, ಅದರ ಹತ್ತಿರ ಮಕ್ಕಳನ್ನು ಕರೆದುಕೊಂಡೇ ಹೋಗಬೇಡಿ. ಬಹಳಷ್ಟು ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಮರಿಗಳು. ಬೆಚ್ಚಗಿಡದೆ ಬುಟ್ಟಿಯಲ್ಲಿ ತಂದವು. ಮೂರನೇ ದಿನ ಸತ್ತು ಮಗು ಅಳುವುದನ್ನು ನೋಡಬೇಕಾಗುತ್ತದೆ. ಒಂದು ವೇಳೆ ಬದುಕಿದರೆ ಅದು ಹುಂಜವೇ.

ನಾಲ್ಕನೆಯದು: ಯಾವಾಗ ತರಬೇಕು, ಎಷ್ಟು ದೊಡ್ಡದನ್ನು

ಒಂದು ದಿನದ ಮರಿ ತರುವ ಆಸೆ ಎಲ್ಲರಿಗೂ. ಅಂಗೈಯಷ್ಟು ಇರುತ್ತದೆ, ಹಳದಿ ಹತ್ತಿ. ಆದರೆ ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರವಾರ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಮಲೆನಾಡಿನ ಕರೆಂಟು ನಂಬಿ ಬಲ್ಬಿನ ಕೆಳಗೆ ಮರಿ ಇಟ್ಟವರ ಕಷ್ಟ ನನಗೆ ಗೊತ್ತು. ಒಂದು ಗಾಳಿಮಳೆಗೆ ಎರಡು ದಿನ ಕರೆಂಟಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟು, ರಾತ್ರಿ ಮೂರು ಸಲ ಎದ್ದು ಬದಲಾಯಿಸಿದ್ದೇನೆ. ಆಗ ಕೈಯಲ್ಲಿ ಎಂಟು ತಿಂಗಳ ಮಗ ಬೇರೆ.

ಹಾಗಾಗಿ ಆರರಿಂದ ಎಂಟು ವಾರದ ಮರಿಗಳನ್ನೇ ತನ್ನಿ. ಬೆಲೆ ಜಾಸ್ತಿ ಆಗುತ್ತದೆ, ಆಗಲಿ. ಆ ವಯಸ್ಸಿಗೆ ಶಾಖ ಬೇಡ. ಜುಟ್ಟು ನೋಡಿ ಗಂಡು ಹೆಣ್ಣು ಹೇಳಬಹುದು. ಗಂಡಿನ ಜುಟ್ಟು ಆಗಲೇ ದೊಡ್ಡದಾಗಿ ಕೆಂಪೇರಿರುತ್ತದೆ, ಕಾಲು ದಪ್ಪ. ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯೂ ಆಗಿರಬೇಕು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಬಿಡುವ ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟನೇ ವಾರದ ಹೊತ್ತಿಗೆ ಸೂಜಿ. ಯಾವುದು ಆಗಿದೆ, ಯಾವುದು ಬಾಕಿ ಅಂತ ಕೇಳಿ ಬರೆದುಕೊಳ್ಳಿ. ಲಸಿಕೆಯ ಶೀಶೆ ನೂರಾರು ಕೋಳಿಗೆ ಆಗುವಷ್ಟು ದೊಡ್ಡದು. ಐದು ಕೋಳಿಗೆ ಒಬ್ಬರೇ ತರುವುದು ದಂಡ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಪಶು ಆಸ್ಪತ್ರೆಯಲ್ಲಿ ಒಂದೇ ದಿನ ಹಾಕಿಸಿ.

ಮರಿ ಎಲ್ಲಿ ಸಿಗುತ್ತದೆ ಅಂತ ಮೊದಲು ಪಶು ಆಸ್ಪತ್ರೆಯಲ್ಲೇ ವಿಚಾರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿ ಸಿಗದಿದ್ದರೂ ದಾರಿ ಹೇಳುತ್ತಾರೆ. ಒಬ್ಬ ವ್ಯಾಪಾರಿಯ ಹತ್ತಿರ ನಾನು ಸ್ವರ್ಣಧಾರ ಅಂತ ದುಡ್ಡು ಕೊಟ್ಟು ತಂದದ್ದು ಬೆಳೆದಾಗ ಬ್ರಾಯ್ಲರ್ ಆಗಿತ್ತು. ಎರಡು ತಿಂಗಳಿಗೆ ಎದ್ದು ನಡೆಯಲಾರದಷ್ಟು ಭಾರ.

ತಿಂಗಳು? ದೀಪಾವಳಿಯ ಆಸುಪಾಸು. ಮಳೆ ಬಿಟ್ಟಿರುತ್ತದೆ, ನೆಲ ಒಣಗಿರುತ್ತದೆ. ಆಗ ಎರಡು ತಿಂಗಳಿದ್ದದ್ದು ಶಿವರಾತ್ರಿ ಕಳೆಯುವ ಹೊತ್ತಿಗೆ ಮೊಟ್ಟೆಗೆ ಬರುತ್ತದೆ. ಮುಂದಿನ ಮಳೆಗಾಲಕ್ಕೆ ಬಲಿತ ಕೋಳಿಯಾಗಿರುತ್ತದೆ. ಜೂನ್‌ನಲ್ಲಿ ತಂದ ಮರಿ ರಕ್ತಭೇದಿಗೆ ಸಿಗುವುದೇ ಹೆಚ್ಚು. ಒದ್ದೆ ಹಾಸಿನಲ್ಲಿ ಆ ರೋಗ ಬೇಗ ಹಬ್ಬುತ್ತದೆ.

ಎಷ್ಟು? ನಾಲ್ಕು ಜನರ ಮನೆಗೆ ಐದು ಹೇಂಟೆ. ಸ್ವರ್ಣಧಾರ ಐದಿದ್ದರೆ ದಿನಕ್ಕೆ ಸರಾಸರಿ ಎರಡೂವರೆ ಮೊಟ್ಟೆ. ಗರಿ ಉದುರುವ ಕಾಲದಲ್ಲಿ ಒಂದೂ ಇಲ್ಲ.

ಆರಿಸುವಾಗ ಹೀಗೆ ನೋಡಿ

ತಳಿ ಒಂದೇ ಆದರೂ ಒಂದೊಂದು ಕೋಳಿಯ ಗುಣ ಒಂದೊಂದು ತರ. ಗುಂಪಿನ ಹತ್ತಿರ ಹೋಗಿ ಐದು ನಿಮಿಷ ಸುಮ್ನೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಕೆಲವು ಗೋಡೆಗೆ ಅಂಟಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಒಂದೆರಡು ಕತ್ತು ಓರೆ ಮಾಡಿ ನೋಡುತ್ತಾ ಹತ್ತಿರ ಬಂದು ಚಪ್ಪಲಿಯ ದಾರ ಕುಕ್ಕುತ್ತವೆ. ಹಾಗೆ ಬಂದದ್ದನ್ನು ತಗೊಳ್ಳಿ. ಎರಡೂ ಕೈಯಲ್ಲಿ ರೆಕ್ಕೆ ಸೇರಿಸಿ ಎತ್ತಿ ನೋಡಿ. ಒಂದು ಸಲ ಕೊಸರಿ ಆಮೇಲೆ ಸುಮ್ಮನಾದರೆ ಒಳ್ಳೆಯದು. ಕಣ್ಣು ಹೊಳೆಯಬೇಕು, ಮೂಗು ಒಣಗಿರಬೇಕು, ಹಿಂಭಾಗದ ಗರಿಗೆ ಹಿಕ್ಕೆ ಮೆತ್ತಿರಬಾರದು.

ಮಗುವನ್ನು ಕರೆದುಕೊಂಡು ಹೋಗಬೇಕಾ? ಹೋಗಿ. ಆದರೆ ನೀವು ಆರಿಸಿದ ಎಂಟರಲ್ಲಿ ಐದನ್ನು ಅವರು ಆರಿಸಲಿ.

ಗೂಡು

ಗೂಡಿನ ವಿಷಯ ಬೇರೆಯೇ ಲೇಖನ ಆಗುತ್ತದೆ. ಮಕ್ಕಳಿಗೂ ತಳಿಗೂ ಸಂಬಂಧಪಟ್ಟಷ್ಟು ಮಾತ್ರ ಇಲ್ಲಿ. ಕೋಳಿಗೆ ಎರಡು ಚದರ ಅಡಿ ಸಾಕು ಅನ್ನುತ್ತಾರೆ. ನಮ್ಮಲ್ಲಿ ಮಳೆಗಾಲ ಪೂರ್ತಿ ಅವು ಒಳಗೇ ಇರುವುದರಿಂದ ನಾಲ್ಕು ಚದರ ಅಡಿ ಕೊಡಿ. ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕುತ್ತವೆ, ಆ ಚಟ ಮಕ್ಕಳ ಕೈ ತನಕ ಬರುತ್ತದೆ. ಗಿರಿರಾಜ ಇಟ್ಟವರು ಕೂರುವ ಕೋಲನ್ನು ಎರಡು ಅಡಿಗಿಂತ ಮೇಲೆ ಕಟ್ಟಬೇಡಿ. ಅಷ್ಟು ಭಾರದ್ದು ಧೊಪ್ಪನೆ ಇಳಿದು ಕಾಲು ನೋವು ಮಾಡಿಕೊಳ್ಳುತ್ತದೆ. ನೆಲಕ್ಕೆ ಭತ್ತದ ಹೊಟ್ಟು. ಒದ್ದೆಯಾದ ದಿನವೇ ತೆಗೆದು ಹೊಸದು ಹಾಕಿ.

ಚಿಲಕ ದೊಡ್ಡವರ ಕೈಗೆ ಎಟಕುವ ಎತ್ತರದಲ್ಲಿರಲಿ. ಬೆಳಿಗ್ಗೆ ಮೊಟ್ಟೆ ತೆಗೆಯಲು ಮಗು ಒಬ್ಬಳೇ ಕೈ ಹಾಕುವಂತೆ ಇರಬಾರದು. ಗೂಡಿನೊಳಗೆ ಕೆರೆಹಾವು ಸುತ್ತಿಕೊಂಡು ಮಲಗಿದ್ದು ನಮ್ಮಲ್ಲೇ ಎರಡು ಸಲ ಆಗಿದೆ. ಕೆರೆಹಾವಿಗೆ ವಿಷ ಇಲ್ಲ. ಆದರೆ ನಾಗರಹಾವೂ ಮೊಟ್ಟೆ ಹುಡುಕಿಕೊಂಡು ಬರುತ್ತದೆ.

ಅಡಿಕೆ ತೋಟ ಇದ್ದವರಿಗೆ ಒಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ಕೋಳಿಯನ್ನೂ ಮಕ್ಕಳನ್ನೂ ತೋಟಕ್ಕೆ ಬಿಡಬೇಡಿ. ಮೈಲುತುತ್ತದ ಡ್ರಮ್ಮಿನ ಹತ್ತಿರ ನಿಂತ ನೀರನ್ನು ಕೋಳಿ ಕುಡಿಯುತ್ತದೆ. ಕೋಳಿ ಹೋದಲ್ಲಿಗೆ ಮಗು ಹೋಗುತ್ತದೆ.

ಮಕ್ಕಳಿಗೆ ಕಲಿಸುವುದು

ಕೋಳಿ ಹೊಳೆಯುವುದನ್ನೆಲ್ಲ ಕುಕ್ಕುತ್ತದೆ. ಗೆಜ್ಜೆ, ಓಲೆ, ಅಂಗಿಯ ಗುಂಡಿ, ಕೆನ್ನೆಗೆ ಅಂಟಿದ ಅನ್ನದ ಅಗುಳು. ನಮ್ಮ ಮಗನ ಗೆಜ್ಜೆಯ ಹಿಂದೆ ಒಂದು ಹೇಂಟೆ ಅಂಗಳ ಪೂರ್ತಿ ತಿರುಗುತ್ತಿತ್ತು. ನೋಡಲು ತಮಾಷೆ, ಆದರೆ ಕಣ್ಣೂ ಹೊಳೆಯುತ್ತದಲ್ಲ. ಅದಕ್ಕೇ ನಮ್ಮಲ್ಲಿ ಎರಡು ನಿಯಮ. ಕೋಳಿಯನ್ನು ಮುಖದ ಹತ್ತಿರ ತರಬಾರದು, ಮುತ್ತು ಕೊಡಬಾರದು. ಕಾಳನ್ನು ಅಂಗೈಯಲ್ಲಿ ಅಲ್ಲ, ತೆಂಗಿನ ಗರಟೆಯಲ್ಲಿ ಹಾಕಿ ಹಿಡಿಯಬೇಕು.

ಎತ್ತಿಕೊಳ್ಳಬೇಕು ಅಂದರೆ ಮಗು ಮೊದಲು ಮಣೆ ಮೇಲೆ ಕೂರಬೇಕು. ದೊಡ್ಡವರು ಕೋಳಿಯನ್ನು ತಂದು ತೊಡೆ ಮೇಲೆ ಇಡುತ್ತಾರೆ. ಓಡಿಸಿ ಹಿಡಿಯುವುದು ಇಲ್ಲ. ದಿನಾ ಸಂಜೆ ಹತ್ತು ನಿಮಿಷ ಹೀಗೆ ಮಾಡಿದರೆ ಎರಡು ವಾರಕ್ಕೆ ಗಿರಿರಾಜ, ಸ್ವರ್ಣಧಾರಗಳು ಮಗುವಿನ ದನಿ ಕೇಳಿದರೆ ತಾವೇ ಬರುತ್ತವೆ.

ಆಮೇಲೆ ಸೋಪು. ಮೇಲೆ ನೋಡಲು ಗಟ್ಟಿಮುಟ್ಟಾದ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದ ಒಳಗಿನ ಮಕ್ಕಳಿಗೆ ಅದು ಜೋರು ವಾಂತಿಭೇದಿ, ಜ್ವರ ತರುತ್ತದೆ. ಇನ್ನೂ ಬಾಯಿಗೆ ಕೈ ಹಾಕುವ ವಯಸ್ಸಿನ ಮಕ್ಕಳು ಕೋಳಿಯನ್ನು ದೂರದಿಂದ ನೋಡಿದರೆ ಸಾಕು. ನಾವು ಬಚ್ಚಲ ಹೊರಗಿನ ನಲ್ಲಿಯ ಹತ್ತಿರ ಮಕ್ಕಳ ಎತ್ತರಕ್ಕೆ ಒಂದು ಸೋಪು ಕಟ್ಟಿ ತೂಗುಹಾಕಿದ್ದೇವೆ. ಕಾಗೆ ಒಯ್ಯಬಾರದು ಅಂತ ಹಳೆ ಕಾಲುಚೀಲದೊಳಗೆ ಹಾಕಿ. ಕೈ ತೊಳೆಯದೆ ಒಳಗೆ ಬಂದರೆ ಅತ್ತೆಯೇ ಬಾಗಿಲಲ್ಲಿ ತಡೆಯುತ್ತಾರೆ. ಸತ್ತ ಕೋಳಿಯನ್ನು ಮಕ್ಕಳು ಮುಟ್ಟಲೇಬಾರದು. ಎರಡು ಮೂರು ಒಟ್ಟಿಗೆ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ.

ಕೊನೆಗೊಂದು, ಹೆಸರಿನ ವಿಷಯ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಕ್ಕಳು ಕೋಳಿಗೆ ಹೆಸರಿಡುತ್ತಾರೆ. ಹೆಸರಿಟ್ಟ ಕೋಳಿಯನ್ನು ಸಾರು ಮಾಡಿದರೆ ಆ ದಿನ ಮನೆಯಲ್ಲಿ ಊಟ ಇಲ್ಲ. ನಮ್ಮಲ್ಲಿ ಚಿನ್ನು ಅನ್ನುವ ಹೇಂಟೆ ನಾಲ್ಕನೇ ವರ್ಷಕ್ಕೆ ಬಂದಿದೆ. ಮೊಟ್ಟೆ ನಿಲ್ಲಿಸಿ ಆರು ತಿಂಗಳಾಯಿತು. ಅತ್ತೆ ದೀಪಾವಳಿಗೆ ಒಮ್ಮೆ, ಯುಗಾದಿಯ ಮರುದಿನ ಒಮ್ಮೆ ಅದರ ಕಡೆ ನೋಡಿದರು. ಎರಡೂ ಸಲ ಮಗಳು ಅದನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಅಟ್ಟ ಹತ್ತಿದಳು.

ಸಾರಿಗೆ ಅಂತ ತಂದವನ್ನು ಬೇರೆ ಗೂಡಿನಲ್ಲಿಡಿ, ಅವುಗಳ ಹತ್ತಿರ ಮಕ್ಕಳ ಒಡನಾಟ ಬೇಡ. ಮೊಟ್ಟೆಗೆ ತಂದವು ಮುದಿಯಾದ ಮೇಲೆ ಏನು ಮಾಡುತ್ತೀರಿ ಅಂತ ತರುವ ದಿನವೇ ಗಂಡ ಹೆಂಡತಿ ಮಾತಾಡಿಕೊಳ್ಳಿ. ನಾವು ಮಾತಾಡಿಕೊಂಡಿರಲಿಲ್ಲ. ಚಿನ್ನು ಈಗ ಒಲೆಯ ಪಕ್ಕದ ಬೂದಿಯಲ್ಲಿ ಮಲಗುತ್ತದೆ.